ಗಂಟಲು ಕಟ್ಟಿದ ಯಂತ್ರ

ಗಾಡಿ ಬರುವುದನ್ನು ಸಾರುವ ಯಂತ್ರ ಕೆಟ್ಟು ಹದಿನೈದು ದಿನವಾಗಿತ್ತು. ಅದರೊಳಗಿನ ಹೆಣ್ಣು ದನಿ ಒಂದು ಬೆಳಿಗ್ಗೆ "ಪ್ರಯಾಣಿಕರ ಗಮ..." ಎಂದು ಗಮ್ಮನಾಗಿಬಿಟ್ಟಿತ್ತು. ಆ ಪುಟ್ಟ ಸ್ಟೇಷನ್ನಿನ ಮಾಸ್ತರರು ಕಾಲೇಜು ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡಿದವರು. ಬಾಗಿಲು ಮುಚ್ಚಿಕೊಂಡು, ಮೂಗು ಹಿಡಿದು, ಮೈಕಿನ ಮುಂದೆ ತಾವೇ ಯಂತ್ರವಾದರು. ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ತವರಿಗೆ ಹೋಗಿದ್ದ ಹೆಂಡತಿಗೂ.

ಅಂದು ಫೋನ್ ಬಂತು. ಹತ್ತರ ಗಾಡಿಗೆ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ. ಸೌಲಭ್ಯ ಸರಿಯಿಲ್ಲದಿದ್ದರೆ ಸ್ಟೇಷನ್ನಿಗೆ ಬೀಗ, ಮಾಸ್ತರರಿಗೆ ಎತ್ತಂಗಡಿ. ಅದೇ ಗಾಡಿಗೆ ಹೆಂಡತಿಯೂ ಬರುವವಳಿದ್ದಳು. "ಇನ್ನೊಂದು ಸಲ ವರ್ಗ ಆದ್ರೆ ನಾನು ತವರಲ್ಲೇ ಇರ್ತೀನಿ" ಎಂದು ಹೇಳಿಯೇ ಹೋಗಿದ್ದವಳು. ಮಾಸ್ತರರ ಎದೆ ಹಳೇ ಎಂಜಿನ್ನಿನಂತೆ ಬುಸುಗುಟ್ಟಿತು.

ಹತ್ತರ ಗಾಡಿ ಹನ್ನೊಂದಕ್ಕೆ ಬಂತು. ಮಾಸ್ತರರು ಒಳಗೆ ಮೈಕಿಗೆ ಹೆಣ್ಣು ದನಿಯ ಜೇನು ಸುರಿಸಿ, ಹೊರಗೆ ಓಡಿ ಬಂದು ಸಲಾಮು ಹೊಡೆದರು.

"ಯಂತ್ರ ಚೆನ್ನಾಗಿದೆಯಲ್ರೀ," ಎಂದರು ಸಾಹೇಬರು. "ಈ ಸ್ಟೇಷನ್ನಿನ ಚರಿತ್ರೆ ಏನು?"

"ಹಿಂದೆ ಇಲ್ಲಿ ಉಗಿ ಎಂಜಿನ್‌ಗೆ ನೀರು ಕುಡಿಸ್ತಿದ್ರು ಸಾರ್. ಅದು ಕುಡಿಯೋ ತನಕ ಜನ ಕೂರಲಿ ಅಂತ ಬೆಂಚು ಹಾಕಿದ್ರು. ಬೆಂಚಿಗೆ ನೆರಳಿರಲಿ ಅಂತ ಸ್ಟೇಷನ್ ಕಟ್ಟಿದ್ರು."

"ಈಗ ಏನೇನು ಸೇವೆ ಇದೆ?"

"ಒಂದು ನಲ್ಲಿ, ದಿನಕ್ಕೆ ಎರಡು ಗಾಡಿ. ಎರಡೂ ಒಂದೇ ಥರ ಸಾರ್, ಬಂದಾಗ ಬರುತ್ತೆ."

ಅತ್ತ ಸೂಟ್‌ಕೇಸ್ ಹಿಡಿದು ಇಳಿದ ಹೆಂಡತಿಯ ಕಿವಿಗೆ ಟೀ ಅಂಗಡಿಯವನು ಬಾಯಿ ಹಚ್ಚಿದ್ದ. "ಅಕ್ಕಾ, ನಾನು ಹೇಳ್ದೆ ಅನ್ನಬೇಡಿ. ನೀವು ಹೋದಾಗಿಂದ ಯಜಮಾನ್ರು ಆ ಕೋಣೆ ಬಾಗಿಲು ಹಾಕ್ಕೊಂಡಿರ್ತಾರೆ. ಒಳಗಿಂದ ಹೆಂಗಸಿನ ದನಿ ಬರುತ್ತೆ. ಮೊನ್ನೆ ಕೆಮ್ಮಿದ್ಳು ಕೂಡ."

ಗಾಡಿ ಹಳಿಯ ಮೇಲೇ ಮುಂದೆ ಹೋಯಿತು. ಮಾಸ್ತರರ ಸಂಸಾರ ಹಳಿ ತಪ್ಪಿತು.

"ಯಾರ್ರೀ ಒಳಗಿರೋಳು?" ಹೆಂಡತಿ ನೇರ ಬಂದು ಕೇಳಿದಳು.

"ಯಾರೂ ಇಲ್ಲ ಕಣೇ. ಯಂತ್ರ."

"ಯಂತ್ರಕ್ಕೆ ಕೆಮ್ಮು ಬರುತ್ತಾ?"

ಮಾಸ್ತರರು ಹೆಂಡತಿಯನ್ನು ನೋಡಿದರು, ಸಾಹೇಬರನ್ನು ನೋಡಿದರು. ನಿಜ ಹೇಳಿದರೆ ಅವರಿಗೆ ಕೇಳಿಸುತ್ತದೆ. ಹೇಳದಿದ್ದರೆ ಇವಳು ಕೇಳುವುದಿಲ್ಲ.

ಸಾಹೇಬರೇ ನೆರವಿಗೆ ಬಂದರು. "ಅಮ್ಮಾ, ಅದು ಯಂತ್ರವೇ. ಎಷ್ಟು ಒಳ್ಳೇ ಯಂತ್ರ ಅಂದ್ರೆ, ಇಲ್ಲಿ ಮನುಷ್ಯರೇ ಬೇಕಾಗಿಲ್ಲ. ಟಿಕೆಟ್ಟಿಗೂ ಒಂದು ಯಂತ್ರ ಕಳಿಸ್ತೀನಿ. ಮಾಸ್ತರ್ರೇ, ನಿಮ್ಮ ಸ್ಟೇಷನ್ ಉಳೀತು. ನಿಮಗೆ ನಾಳೇನೇ ವರ್ಗ."

ಅಷ್ಟರಲ್ಲಿ ಸಾಹೇಬರು ವಾಪಸು ಹೋಗಬೇಕಾದ ಗಾಡಿ ದೂರದಲ್ಲಿ ಕೂಗಿತು. "ಸಿಗ್ನಲ್ ನೋಡಿ ಬರ್ತೀನಿ" ಎಂದು ಕೋಣೆಗೆ ನುಗ್ಗಿದ ಮಾಸ್ತರರು ಮೂಗು ಹಿಡಿದರು.

"ಪ್ರಯಾಣಿಕರ ಗಮನಕ್ಕೆ..." ಹೆಣ್ಣು ದನಿ ನಡುಗಿತು. "ಗಾಡಿ ಒಂದನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ. ತಮಗಾದ... ತಮಗಾದ ತೊಂದರೆಗೆ..." ಆಮೇಲೆ ಬರೀ ಬಿಕ್ಕು.

ಕಣ್ಣೊರೆಸಿಕೊಂಡು ಈಚೆ ಬರುವಷ್ಟರಲ್ಲಿ ಗಾಡಿ ಕದಲಿತ್ತು. ಒಂದು ಕಿಟಕಿಯಲ್ಲಿ ಸಾಹೇಬರು, "ಭಾವನೆಯೂ ಇದೆಯಲ್ರೀ ನಿಮ್ಮ ಯಂತ್ರಕ್ಕೆ" ಎಂದು ತಲೆದೂಗುತ್ತಿದ್ದರು. ಪಕ್ಕದ ಕಿಟಕಿಯಲ್ಲಿ ಸೂಟ್‌ಕೇಸ್ ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಕೂತಿದ್ದಳು.

"ನಿಮಗೆ ವರ್ಗ ಅಂತ ಈಗ ತಾನೇ ಹೇಳಿದ್ದು. ಆಗ್ಲೇ ಅಳ್ತಿದ್ದಾಳೆ," ಎಂದಳು. "ಹೋಗಿ, ಸಮಾಧಾನ ಮಾಡಿ."