ತೇಲಿದ ಮೊಟ್ಟೆ, ಮುಳುಗಿದ ಮೇಷ್ಟ್ರು

ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಒಂದೇ ಒಂದು ಕೊರಗು ಉಳಿದಿತ್ತು. ಪಕ್ಕದ ಕೋಣೆಯಲ್ಲಿ ವಿಜ್ಞಾನದ ಮೇಷ್ಟ್ರು ನಾಗರಾಜು ಏನನ್ನೋ ಕುದಿಸಿ, ಏನನ್ನೋ ಹೊಗೆಯಾಡಿಸಿ ಮಕ್ಕಳಿಂದ ‘ಹೋ’ ಎನ್ನಿಸಿಕೊಳ್ಳುತ್ತಿದ್ದಾಗ, ಈಚೆ ಕಡೆ ನಾನು ಸಂಧಿ ಬಿಡಿಸುತ್ತಿದ್ದೆ. ಸಂಧಿ ಬಿಡಿಸಿದ್ದಕ್ಕೆ ‘ಹೋ’ ಎಂದ ಮಗು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ.

ಆದ್ದರಿಂದ, ಬೇಸಿಗೆ ರಜೆಗೆ ನಮ್ಮ ಕೊಡ್ಲಿಪೇಟೆಗೆ ಬಂದ ಮೊಮ್ಮಗಳು ಮಾನಸ, “ಅಜ್ಜ, ಉಪ್ಪಿನ ಮೇಲೆ ಒಂದು ಪ್ರಯೋಗ ಮಾಡಿ ಬರ್ಕೊಂಡು ಹೋಗ್ಬೇಕು. ನಿಮಗೆ ಬರುತ್ತಾ?” ಎಂದಾಗ ನನಗೆ ರೋಮಾಂಚನವಾಯಿತು.

“ಬರುತ್ತಾ ಅಂತ ಕೇಳ್ತೀಯಲ್ಲೇ? ಬರೀ ನೀರಲ್ಲಿ ಮುಳುಗೋ ಮೊಟ್ಟೇನ ಉಪ್ಪುನೀರಲ್ಲಿ ತೇಲಿಸಿ ತೋರಿಸ್ತೀನಿ.”

ನಾನು ಮಾತು ಮುಗಿಸುವುದರೊಳಗೆ ಅವಳು ಬೇಲಿಯಾಚೆ ಓಡಿ, ನೆರೆಮನೆಯ ಹುಡುಗರಾದ ದೀಪಕ್ ಮತ್ತು ತೇಜಸ್‌ಗೆ ಸುದ್ದಿ ಮುಟ್ಟಿಸಿಯಾಗಿತ್ತು.

“ಮೇಷ್ಟ್ರಜ್ಜನಾ?” ಎಂದ ತೇಜಸ್. “ಅವರು ಕನ್ನಡದ ಮೇಷ್ಟ್ರಲ್ವಾ?”

“ನಮ್ಮಜ್ಜಂಗೆ ಎಲ್ಲಾ ಗೊತ್ತು ಕಣೋ. ಅವರು ಹೇಳಿದ ಹಾಗೆ ಆಗ್ಲಿಲ್ಲ ಅಂದ್ರೆ ರಜೆ ಮುಗಿಯೋವರೆಗೂ ನನ್ನ ಹೊಸ ಸೈಕಲ್ ನಿಂಗೇ.”

ಹೀಗೆ ನನ್ನ ವಿದ್ವತ್ತಿನ ಮೇಲೆ ಒಂದು ಸೈಕಲ್ ಬಂದು ಕುಳಿತಿತು.

ಅಡುಗೆಮನೆಯಲ್ಲಿ ಬೇರೊಂದು ಮಹಾಯಜ್ಞ ನಡೆದಿತ್ತು. ನನ್ನ ಶ್ರೀಮತಿ ಉಷಾರಾಣಿಯ ತವರಿನಿಂದ ಮಾವಿನಮಿಡಿ ಬಂದು ಭರಣಿ ತುಂಬಿತ್ತು.

“ಅಲ್ರೀ, ನಿಮ್ಮ ಸರ್ಕಸ್ಸು ಇವತ್ತೇ ಆಗ್ಬೇಕಾ? ಅಗೋ, ಕುದಿಸಿ ಸೋಸಿದ ಉಪ್ಪುನೀರು ಆರ್ತಾ ಇದೆ. ಅದರ ತಂಟೆಗೆ ಬರಬೇಡಿ. ನೀರು ಕೆಟ್ರೆ ಮಿಡಿ ಕೆಡುತ್ತೆ. ಮಿಡಿ ಕೆಟ್ರೆ ವರ್ಷಪೂರ್ತಿ ನಿಮ್ಮ ಗಂಜಿಗೆ ನಂಜಿಕೊಳ್ಳೋಕೆ ಸೀಮೆಸುಣ್ಣವೇ ಗತಿ.”

ಉಪ್ಪುನೀರಿನ ಪಾತ್ರೆಯ ಪಕ್ಕದಲ್ಲೇ, ಕುದಿಸಿ ಆರಿಸಿದ ಕುಡಿಯುವ ನೀರಿನ ಪಾತ್ರೆ. ಎರಡೂ ನನ್ನ ಬೀಳ್ಕೊಡುಗೆಯಲ್ಲಿ ಬಂದ ಜೋಡಿ ಸ್ಟೀಲ್ ಪಾತ್ರೆಗಳು, ಅವಳಿ-ಜವಳಿ. (ಎರಡರ ಮೇಲೂ ನನ್ನ ಹೆಸರೇ ಕೊರೆದಿರುವುದರಿಂದ ಹೆಸರು ನೋಡಿಯೂ ಗುರುತಿಸುವಂತಿಲ್ಲ.) ಅಪಾಯವನ್ನು ಮನಗಂಡು ನಾನು ಜೇಬಿನಿಂದ ಸೀಮೆಸುಣ್ಣ ತೆಗೆದೆ. (ನಿವೃತ್ತನಾಗಿ ಆರು ವರ್ಷವಾಯಿತು, ಜೇಬಿಗೆ ಇನ್ನೂ ತಿಳಿದಿಲ್ಲ.) ಒಂದು ಮುಚ್ಚಳದ ಮೇಲೆ ‘ಉಪ್ಪುನೀರು’, ಇನ್ನೊಂದರ ಮೇಲೆ ‘ಕುಡಿಯುವ ನೀರು’ ಎಂದು ದುಂಡಗೆ ಬರೆದೆ. ಎರಡು ಮುಚ್ಚಳಗಳನ್ನೂ ಎರಡು ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿನಲ್ಲಿ ಕಾಗುಣಿತ ಪರಿಶೀಲಿಸಿ, ತೃಪ್ತನಾಗಿ ಮತ್ತೆ ಮುಚ್ಚಿದೆ.

“ಹೂಂ, ಇದೊಂದು ಒಳ್ಳೇ ಕೆಲಸ ಮಾಡಿದ್ರಿ,” ಎಂದಳು ಅವಳು. ನಲವತ್ತು ವರ್ಷದ ದಾಂಪತ್ಯದಲ್ಲಿ ಅಡುಗೆಮನೆಯೊಳಗೆ ನನಗೆ ದೊರೆತ ಪ್ರಥಮ ಪ್ರಶಂಸಾಪತ್ರವದು.

ಜಗುಲಿಯಲ್ಲಿ ವಿದ್ವತ್ಸಭೆ ನೆರೆಯಿತು. ‘ಕುಡಿಯುವ ನೀರು’ ಎಂದಿದ್ದ ಪಾತ್ರೆಯಿಂದ ತಂದ ನೀರನ್ನು ಗಾಜಿನ ಜಾಡಿಗೆ ಸುರಿದು ಘೋಷಿಸಿದೆ: “ಮಕ್ಕಳೇ, ಇದು ಬರೀ ನೀರು. ಇದರಲ್ಲಿ ಮೊಟ್ಟೆ ಕಲ್ಲಿನ ಹಾಗೆ ಮುಳುಗುತ್ತೆ.”

ಮೊಟ್ಟೆಯನ್ನು ಬಿಟ್ಟೆ. ಅದು ಒಂದು ಸಲ ಕೆಳಗಿಳಿದಂತೆ ಮಾಡಿ, ಮರುಕ್ಷಣ ಮೇಲೆ ಬಂದು, ತನ್ನ (ಹೆಚ್ಚುಕಡಿಮೆ ನನ್ನದರಂತೆಯೇ ಇರುವ) ಬೋಳುನೆತ್ತಿಯನ್ನು ತೋರಿಸುತ್ತ ತೇಲತೊಡಗಿತು. ಬೆರಳಿನಿಂದ ಒತ್ತಿದೆ. ಒತ್ತಿದಷ್ಟೂ ಉತ್ಸಾಹದಿಂದ ಮೇಲೆದ್ದಿತು.

“ಮಾನಸ, ಸೈಕಲ್ ಕೀ ಎಲ್ಲಿದೆ?” ಎಂದ ತೇಜಸ್.

“ತೇಲ್ತಲ್ಲೋ,” ಎಂದಳು ಅವಳು ಮೆಲ್ಲಗೆ.

“ಇನ್ನೂ ಉಪ್ಪೇ ಹಾಕಿಲ್ವಲ್ಲೇ.”

ಮಗುವಿನ ತುಟಿ ನಡುಗಿತು. ಸೈಕಲ್ ಕೀ ತೇಜಸ್‌ನ ಕೈ ಸೇರಿತು. ನಾನು ಅವಸರದಿಂದ, “ಮೊಟ್ಟೆ ಹಳೇದು. ಕೆಟ್ಟ ಮೊಟ್ಟೆ ಬರೀ ನೀರಲ್ಲೂ ತೇಲುತ್ತೆ,” ಎಂದೆ.

“ಯಾವ ಮೊಟ್ಟೆ ಕೆಟ್ಟಿದ್ದು?” ಅಡುಗೆಮನೆಯಿಂದ ಬಾಣ ಬಂತು. “ಬೆಳಿಗ್ಗೆ ತಾನೇ ಗೂಡಿಂದ ತೆಗ್ದಿದೀನಿ. ನನ್ನ ಕೋಳಿ ಮೇಲೆ ಹೇಳ್ಬೇಡಿ.”

“ಹಾಗಾದ್ರೆ ನೀರೇ ಸರಿಯಿಲ್ಲ ಅಜ್ಜ,” ಎಂದ ದೀಪಕ್.

ನೀರು ಸರಿಯಿಲ್ಲವೆ? ನಾನೇ ಸ್ವಹಸ್ತದಿಂದ ಬರೆದ ಮೇಲೂ? ಜಾಡಿಯನ್ನು ಎತ್ತಿ ಬಾಯಿ ತುಂಬ ಒಂದು ಗುಟುಕು ಹೀರಿದೆ.

ಅರಬ್ಬೀ ಸಮುದ್ರ ಘಟ್ಟ ಹತ್ತಿ ಕೊಡ್ಲಿಪೇಟೆಗೆ ಬಂದದ್ದು ಆಗಲೇ. ಶಿಷ್ಯರ ಎದುರು ಉಗುಳುವುದು ಗುರುವಿಗೆ ತರವಲ್ಲ, ನುಂಗಿದೆ. ಕಣ್ಣಿನಿಂದ ಧಾರೆ ಹರಿಯಿತು.

“ಅಜ್ಜ ಯಾಕೋ ಅಳ್ತಿದಾರೆ,” ಎಂದು ದೀಪಕ್ ಪಿಸುಗುಟ್ಟುತ್ತಿರುವಾಗಲೇ ಒಳಗಿನಿಂದ ಕೂಗು ಕೇಳಿಸಿತು: “ರೀ, ಬನ್ನಿ ಇಲ್ಲಿ. ನನ್ನ ಮೊಟ್ಟೆ ಮುಳುಗೋಯ್ತು.”

ಮಿಡಿಗೆ ಉಪ್ಪುನೀರು ಸುರಿಯುವ ಮೊದಲು ಅವಳು ಅದರಲ್ಲಿ ಒಂದು ಮೊಟ್ಟೆ ಬಿಟ್ಟು ನೋಡುತ್ತಾಳೆ. ರೂಪಾಯಿ ಅಗಲ ನೆತ್ತಿ ತೋರಿಸಿ ತೇಲಿದರೆ ಉಪ್ಪು ಸರಿಯಾಗಿದೆ ಎಂದರ್ಥ. ಅವಳ ತಾಯಿಯೂ ಅಜ್ಜಿಯೂ ಹೀಗೆಯೇ ಮಾಡುತ್ತಿದ್ದರಂತೆ. ನಲವತ್ತು ವರ್ಷ ಆ ಉಪ್ಪಿನಕಾಯಿಯನ್ನು ಬೆರಳು ಚೀಪಿ ತಿಂದ ನನಗೆ ಈ ಸಂಗತಿ ಅಂದೇ ತಿಳಿದದ್ದು.

ಅವಳು ಜಗುಲಿಗೆ ಬಂದು ನನ್ನ ತೇಲುವ ಮೊಟ್ಟೆಯನ್ನು ನೋಡಿದಳು. ಜಾಡಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿದಳು.

“ಮುಚ್ಚಳದ ಮೇಲೆ ಬರೆದ್ರಿ. ಪಾತ್ರೆ ಮೇಲೆ ಬರೆಯೋಕೆ ಏನಾಗಿತ್ತು?”

ಕಿಟಕಿಯ ಬೆಳಕು, ಎರಡು ಕೈ, ಎರಡು ಮುಚ್ಚಳ, ಎಲ್ಲವೂ ಒಟ್ಟಿಗೆ ನೆನಪಾದವು.

“ಕೀ ವಾಪಸ್ ಕೊಡಪ್ಪ ತೇಜಸ್,” ಎಂದಳು ಅವಳು. “ಇದು ಉಪ್ಪುನೀರು, ತೇಲಿದೆ. ಒಳಗಿರೋದು ಬರೀ ನೀರು, ಮುಳುಗಿದೆ. ಅಜ್ಜ ಹೇಳಿದ್ದೆಲ್ಲ ಸರಿ, ತೋರಿಸಿದ್ದು ಮಾತ್ರ ತಲೆಕೆಳಗು. ಬನ್ನಿ ಎಲ್ಲ.”

ಬರೀ ನೀರಿನ ತಳದಲ್ಲಿ ಅವಳ ಮೊಟ್ಟೆ ಮಲಗಿತ್ತು. ಅವಳು ಹಿಡಿ ಹಿಡಿಯಾಗಿ ಕಲ್ಲುಪ್ಪು ಹಾಕಿ ಕದಡಿದಳು. “ಉಪ್ಪು ಕರಗಿದಷ್ಟೂ ನೀರು ತೂಕ ಆಗುತ್ತೆ. ತೂಕದ ನೀರು ಮೊಟ್ಟೇನ ಮೇಲಕ್ಕೆ ದೂಡುತ್ತೆ. ನೋಡ್ತಿರಿ.” ಮೊಟ್ಟೆ ಅಲುಗಿತು, ಓರೆಯಾಗಿ ಎದ್ದು ನಿಂತಿತು, ನಿಧಾನವಾಗಿ ಮೇಲೇರಿ ನೆತ್ತಿ ತೋರಿಸಿತು.

“ಹೋ,” ಎಂದರು ಮೂವರೂ. ಮೂವತ್ತೆರಡು ವರ್ಷ ನಾನು ಕಾದಿದ್ದ ಆ ‘ಹೋ’. ಚೊಂಬುಗಟ್ಟಲೆ ಬಾವಿನೀರು ಕುಡಿಯುತ್ತಿದ್ದ ನಾನೂ ಹಿಂದಿನಿಂದ ‘ಹೋ’ ಎಂದುಬಿಟ್ಟೆ.

ಸಂಜೆ ಮಾನಸ ಸೈಕಲ್ ಸವಾರಿ ಮುಗಿಸಿ, ಬರೆದಿಟ್ಟಿದ್ದ ಪುಸ್ತಕ ತಂದಳು. “ಅಜ್ಜ, ಕಾಗುಣಿತ ನೋಡಿ ಕೊಡಿ.”

ಕನ್ನಡಕ ಏರಿಸಿ ಓದಿದೆ. ‘ಪ್ರಯೋಗ ಮಾಡಿದವರು: ಉಷಾರಾಣಿ ಅಜ್ಜಿ. ಬೇಕಾಗುವ ವಸ್ತುಗಳು: ಎರಡು ಪಾತ್ರೆ ನೀರು, ಕಲ್ಲುಪ್ಪು, ಎರಡು ಮೊಟ್ಟೆ, ಒಬ್ಬ ಅಜ್ಜ.’

ಕಾಗುಣಿತದಲ್ಲಿ ಒಂದು ತಪ್ಪೂ ಇರಲಿಲ್ಲ.