ಪೂಲ್ ಟೇಬಲ್ಲಿನ ಮೇಲೆ ಕೇರಂ ಬುದ್ಧಿ

ನೈರೋಬಿಯ ಕಿಲಿಮಾನಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗಡೆ ಒಂದು ಕ್ಲಬ್ ರೂಮು, ಅದರಲ್ಲೊಂದು ಪೂಲ್ ಟೇಬಲ್ಲು. ನಾನು ಅದರ ಹತ್ತಿರ ಹೋದರೆ ಸಾಕು, ನನ್ನ ತಲೆ ಕೆಡಿಸೋವಂಥದ್ದು ಏನಾದರೊಂದು ಆಗಿಯೇ ಆಗುತ್ತೆ. ಜಾತಕದಲ್ಲೇ ಬರೆದಿರಬೇಕು! 2015ರಲ್ಲಿ ಕಂಪನಿಯವರು ಬೆಂಗಳೂರಿನಿಂದ ನೈರೋಬಿಗೆ ಕಳಿಸಿದಾಗ ನಾನು ಆಫೀಸಿನ ಕೇರಂ ಚಾಂಪಿಯನ್. ಇಲ್ಲಿಗೆ ಬಂದ ಮೇಲೆ ಒಂಬತ್ತು ವರ್ಷದ ಮಗಳ ಬಾಯಲ್ಲಿ "ಪಪ್ಪಾ ಆಲ್ವೇಸ್ ಲೂಸಸ್" ಆಗಿಬಿಟ್ಟೆ. ಅವಳ ಕಣ್ಣೆದುರಿಗೆ ಒಂದೇ ಒಂದು ಆಟ ಗೆಲ್ಲಬೇಕು, ಅಷ್ಟೇ ನನ್ನ ಹಟ.

ಅದಕ್ಕೆ ಕಲ್ಲು ಹಾಕಿದವರು ಎರಡನೇ ಮಹಡಿಯ ಡಾಕ್ಟರು. ಮಂಗಳೂರಿನವರು, ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾರೆ. ನನಗೆ ಪೂಲ್ ಕಲಿಸಿದ ಗುರುಗಳು. ಕಲಿಸಿದರು ಅಂದೆನಾ? ನಾಲಿಗೆ ಜಾರಿತು.

ಕಪ್ಪು ಚೆಂಡು

ಮೊದಲ ದಿನ ಡಾಕ್ಟರು ಹೇಳಿದ್ದು ಇಷ್ಟೇ: "ಬಿಳಿ ಚೆಂಡಿಗೆ ಕೋಲಿನಲ್ಲಿ ಹೊಡೀರಿ. ಅದು ಹೋಗಿ ನಿಮ್ಮ ಏಳು ಚೆಂಡನ್ನು ಗುಂಡಿಗೆ ತಳ್ಳಬೇಕು. ಪಟ್ಟೆ ಇದ್ದದ್ದು ನಿಮ್ಮದು, ಇಲ್ಲದ್ದು ನನ್ನದು. ಕಪ್ಪು ಒಂದೇ ಉಂಟು. ಅದು ಮುಖ್ಯ."

ಒಂದೇ ಇದೆ, ಮುಖ್ಯ ಅಂದರೆ ನನ್ನ ಪಾಲಿಗೆ ಅದು ಕೇರಂನ ರಾಣಿಯೇ. ರಾಣೀನ ಹಾಕಿ, ಹಿಂದೆಯೇ ಇನ್ನೊಂದು ಕಾಯಿ ಹಾಕಿ ಕವರ್ ಮಾಡಿದರೆ ಮುಗೀತು. ಮೂರನೇ ಹೊಡೆತಕ್ಕೇ ಕಪ್ಪನ್ನ ಗುಂಡಿಗೆ ಕೆಡವಿ, "ಈಗ ನೋಡಿ ಕವರ್!" ಅಂತ ಬಗ್ಗಿದೆ. ನಮ್ಮ ಪಕ್ಕದ ಮನೆಯ ಕೆನ್ಯಾದ ವಕೀಲರು ನನ್ನ ಕೈಯಿಂದ ಕೋಲನ್ನು ಮೆಲ್ಲಗೆ ತಗೊಂಡು "ಪೋಲೆ ಸಾನಾ" ಅಂದರು. ಪಾಪ, ಬೇಜಾರು ಮಾಡ್ಕೋಬೇಡಿ ಅಂತ. ಕಪ್ಪನ್ನ ಎಲ್ಲಕ್ಕಿಂತ ಕೊನೆಗೆ ಹಾಕಬೇಕಂತೆ. ಮೊದಲೇ ಹಾಕಿದರೆ ಅಲ್ಲಿಗೇ ಸೋಲಂತೆ!

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ಡಾಕ್ಟ್ರೇ ನಿಮಗೆ?" ಅಂತ ಹಾರಾಡಿದೆ.

"ಮುಖ್ಯ ಅಂತ ಹೇಳಿದ್ದೆನಲ್ಲ ಮಾರಾಯ್ರೇ!"

ದಂಡ

ಕೇರಂನಲ್ಲಿ ಸ್ಟ್ರೈಕರ್ ಗುಂಡಿಗೆ ಬಿದ್ದರೆ ನಮ್ಮದೊಂದು ಕಾಯಿ ದಂಡ. ಹಾಗಾಗಿ ಬಿಳಿ ಚೆಂಡು ಬಿದ್ದಾಗಲೆಲ್ಲ ನಾನು ಮರ್ಯಾದಸ್ಥನ ಹಾಗೆ ಗುಂಡಿಯ ಬಲೆಗೆ ಕೈಹಾಕಿ, ಕಷ್ಟಪಟ್ಟು ಹಾಕಿದ್ದ ಒಂದು ಚೆಂಡನ್ನ ತೆಗೆದು ಟೇಬಲ್ಲಿನ ನಡುವೆ ಇಡುತ್ತಿದ್ದೆ. ಅದರ ಮೇಲೆ ಡಾಕ್ಟರಿಗೆ ಎರಡು ಹೊಡೆತ ಬೇರೆ. ಅದು ಇಲ್ಲಿನ ರೂಲು. ಒಂದು ತಿಂಗಳು ಹೀಗೇ ನಡೀತು. ನನ್ನ ಏಳು ಚೆಂಡು ಮುಗಿಯೋದೇ ಇಲ್ಲ. ಮಗಳು ಬೇಸತ್ತು ಕೆಳಗೆ ಬರೋದನ್ನೇ ಬಿಟ್ಟಳು.

ಒಂದು ಶನಿವಾರ ವಕೀಲರು ತುಂಬ ವಿನಯದಿಂದ ಕೇಳಿದರು: "ತಪ್ಪು ತಿಳೀಬೇಡಿ. ಆ ಚೆಂಡನ್ನ ವಾಪಸ್ ಇಡೋದು ನಿಮ್ಮ ಧರ್ಮದಲ್ಲಿದೆಯಾ?"

ಪೂಲ್‌ನಲ್ಲಿ ಹಾಗೆ ಚೆಂಡು ವಾಪಸ್ ಇಡೋ ದಂಡವೇ ಇಲ್ವಂತೆ! ನನಗೆ ಉರಿದುಹೋಯಿತು. "ಅಲ್ರೀ, ನೀವೂ ಕನ್ನಡದವರೇ, ನಿಮಗೂ ಕೇರಂ ಗೊತ್ತು. ಒಂದು ತಿಂಗಳು ಸುಮ್ಮನೆ ನೋಡ್ಕೊಂಡು ನಿಂತಿದ್ರಲ್ಲ!" ಅಂತ ಡಾಕ್ಟರ ಮೇಲೆ ಎಗರಿದೆ.

"ನೀವು ಅಷ್ಟು ಭಕ್ತಿಯಿಂದ ಇಡ್ತಾ ಇದ್ರಿ. ನಡುವೆ ಮಾತಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಪೌಡರ್

ಚೆಂಡು ತೀರಾ ನಿಧಾನ ಉರುಳುತ್ತೆ ಅಂತ ರಜೆಗೆ ಹೋದಾಗ ಊರಿಂದ ಕೇರಂ ಪೌಡರ್ ತಂದೆ. ಟೇಬಲ್ಲಿನ ಹಸಿರು ಬಟ್ಟೆಯ ಮೇಲೆ ಧಾರಾಳವಾಗಿ ಉದುರಿಸಿ, ಕೈಯಲ್ಲಿ ಚೆನ್ನಾಗಿ ಸವರಿದೆ. ಚೆಂಡು ಜಾರೋದಿರಲಿ, ಇದ್ದಲ್ಲೇ ಕೂತವು. ಕೇರ್‌ಟೇಕರ್ ಬಂದು ಟೇಬಲ್ ನೋಡಿದ, ನನ್ನ ಕೈ ನೋಡಿದ. "ಬಾಸ್, ಚಪಾತಿ ಲಟ್ಟಿಸೋಕೆ ಮನೇಲಿ ಜಾಗ ಇರಲಿಲ್ವಾ?"

ಬ್ರಷ್ ಹಿಡಿದು ಮಧ್ಯಾಹ್ನವೆಲ್ಲ ಉಜ್ಜಿದೆ. ಡಾಕ್ಟರು ಬೆಂಚಿನ ಮೇಲೆ ಕೂತು, "ಆ ಮೂಲೆಯಲ್ಲಿ ಸ್ವಲ್ಪ ಉಂಟು" ಅಂತ ತೋರಿಸುತ್ತಿದ್ದರು.

ಗೆಲುವು

ಕೊನೆಗೂ ಒಂದು ಭಾನುವಾರ ಮಗಳನ್ನ ಪುಸಲಾಯಿಸಿ ಕೆಳಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದೆ. ಅವಳು ಕಥೆಪುಸ್ತಕ ತೆಗೆದಳು. ಅವತ್ತು ನನ್ನ ಏಳೂ ಚೆಂಡು ಒಂದರ ಹಿಂದೊಂದು ಬಿದ್ದವು. ಉಳಿದದ್ದು ಕಪ್ಪು ಮಾತ್ರ, ಅದೂ ಗುಂಡಿಯ ಬಾಯಲ್ಲೇ. ಬಗ್ಗಿ ಗುರಿಯಿಟ್ಟೆ. ಹೊಡೆದೆ. ಕಪ್ಪು ಬಿತ್ತು. ಬಿಳಿ ನಿಂತಿತು.

ಡಾಕ್ಟರು ಕೈ ಚಾಚಿ, "ಗೆದ್ರಿ" ಅಂದರು.

ನಾನು ನಂಬಬೇಕಲ್ಲ! "ಯಾವ ರೂಲು ಬಚ್ಚಿಟ್ಟಿದ್ದೀರಿ, ಈಗಲೇ ಹೇಳಿ!"

"ಎಂತದೂ ಇಲ್ಲ ಮಾರಾಯ್ರೇ, ನೀವು ಗೆದ್ದದ್ದೇ."

"ಸುಳ್ಳು! ನಾಳೆ ಬಂದು, ಶರ್ಟು ಇನ್ ಮಾಡಿರಲಿಲ್ಲ, ಸೋತ್ರಿ ಅಂತೀರಿ! ನನಗೆ ನಿಮ್ಮ ಬುದ್ಧಿ ಗೊತ್ತಿಲ್ವಾ?"

ವಕೀಲರು ಆಣೆ ಇಟ್ಟು ಹೇಳಿದರು. ವಕೀಲರ ಆಣೆ ಯಾರಿಗೆ ಬೇಕು ಅಂದೆ. ಕಾಲು ಗಂಟೆ ಕೂಗಾಡಿದೆ. ಡಾಕ್ಟರಿಗೆ ಸಾಕಾಗಿ, "ಆಯ್ತು, ಸೋತ್ರಿ ನೀವು, ಬಿಡಿ!" ಅಂದುಬಿಟ್ಟರು.

"ಹೇಗ್ರೀ ಸೋತೆ? ಯಾವ ರೂಲ್ ಪ್ರಕಾರ?" ಅಂತ ಮತ್ತೆ ಕಾಲು ಗಂಟೆ.

ಆಮೇಲೆ ತಿರುಗಿ ನೋಡಿದರೆ ಬೆಂಚು ಖಾಲಿ. ಮೆಟ್ಟಿಲು ಹತ್ತಿ ಮನೆಗೆ ಓಡಿದೆ. ಹೆಂಡತಿ ತಟ್ಟೆ ಹಾಕುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ಇವತ್ತೂ ಸೋತ್ರಂತೆ?"

"ಯಾರು ಹೇಳಿದ್ದು?"

"ನಿಮ್ಮ ಮಗಳು. ಪಪ್ಪಾ ಈಸ್ ಶೌಟಿಂಗ್, ಸೋ ಹಿ ಲಾಸ್ಟ್ ಅಂದ್ಲು."

"ಗೆದ್ದಿದ್ದೀನಿ ಕಣೇ! ಗೆ-ದ್ದಿ-ದ್ದೀ-ನಿ!" ಅಂತ ಕಿಟಕಿ ಅದುರೋ ಹಾಗೆ ಕಿರುಚಿದೆ.

ಮಗಳು ತಾಯಿಯ ಕಡೆ ನೋಡಿ ಮೆಲ್ಲಗೆ ಅಂದಳು: "ಸೀ, ಅಮ್ಮಾ?"