ಹೆಸರು ಸಮೇತ ಸನ್ಮಾನ

ವ್ಯಸನಮುಕ್ತಿ ಕೇಂದ್ರಕ್ಕೆ ಚಿಕಿತ್ಸೆಗೆ ಬಂದವರ ಹೆಸರು ಹೊರಗೆ ಬೀಳಬಾರದು. ಕಾಯ್ದೆ ಹೇಳುತ್ತದೆ, ಅದರಡಿ ರಾಜ್ಯ ಮಾಡಿದ ನಿಯಮವೂ ಹೇಳುತ್ತದೆ. ನಮ್ಮ ಕೇಂದ್ರದ ಸಮಿತಿಯಲ್ಲಿ ನಿಯಮದ ಇಂಗ್ಲಿಷ್ ಪ್ರತಿಯಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದು, ಎದ್ದು ನಿಂತು ಓದಿದವನು ನಾನು. ಎಲ್ಲರೂ ತಲೆಯಾಡಿಸಿದರು. ಆಮೇಲೆ ಒಬ್ಬೊಬ್ಬರಾಗಿ ಅದನ್ನು ಮುರಿದೆವು.

೧

ನಮ್ಮ ಕಾರ್ಯದರ್ಶಿ ಕೊಬ್ಬರಿ ವ್ಯಾಪಾರಿ, ಗಂಟಲು ದೊಡ್ಡದು. ಕಿಬ್ಬನಹಳ್ಳಿಯಲ್ಲಿ ಬಸ್ ಹತ್ತಿದವರು, ಚಿಕಿತ್ಸೆಗೆ ಬರುತ್ತಿದ್ದ ಅಂಗಡಿಯವನೊಬ್ಬ ಹಿಂದಿನ ಸೀಟಿನಲ್ಲಿ ಕೂತಿದ್ದನ್ನು ಕಂಡು ಬಾಗಿಲಿನಿಂದಲೇ ಕೂಗಿದರು: "ಏನಪ್ಪಾ, ಮಾತ್ರೆ ನುಂಗಿದ್ಯಾ? ಹೆದರ್‌ಬೇಡ ಕಣಪ್ಪ, ನೀನು ಕುಡಿಯೋದು ಯಾರಿಗೂ ಹೇಳಿಲ್ಲ!"

ಬಸ್ಸೆಲ್ಲ ತಿರುಗಿ ನೋಡಿತು. ಮುಂದಿನ ಸ್ಟಾಪಿನಲ್ಲಿ ಇಳಿದ ಆತ ಕೇಂದ್ರದ ಕಡೆ ಮತ್ತೆ ತಲೆ ಹಾಕಲಿಲ್ಲ. ನಾನು ಕಾರ್ಯದರ್ಶಿಯನ್ನು ಗದರಿದೆ. "ಹೇಳಿಲ್ಲ ಅಂತ ತಾನೇ ಹೇಳಿದ್ದು?" ಎಂದು ಅವರು ನನ್ನ ಮೇಲೇ ಮುನಿಸಿಕೊಂಡರು.

೨

ಗದರಿದವನ ಕಥೆ ಕೇಳಿ. ಕೇಂದ್ರದ ವಾರ್ಷಿಕೋತ್ಸವದ ಆಹ್ವಾನಪತ್ರಿಕೆಯಲ್ಲಿ 'ಕುಡಿತ ತ್ಯಜಿಸಿದವರಿಗೆ ಸನ್ಮಾನ' ಎಂದು ಐದು ಹೆಸರು, ಊರು ಸಮೇತ. ಕರಡು ನನ್ನ ಬಳಿ ಬಂತು. ಮೂರು ಸಲ ಓದಿದೆ. ಅಲ್ಪವಿರಾಮ ಸರಿಪಡಿಸಿದೆ, ಒಂದು ಇನಿಷಿಯಲ್ ಬದಲಿಸಿದೆ. ಆ ಹೆಸರುಗಳೇ ಅಲ್ಲಿರಬಾರದೆಂದು ಹೊಳೆಯಲಿಲ್ಲ.

ಐವರಲ್ಲಿ ಒಬ್ಬ ಹಾಲ್ಕುರಿಕೆ ಕಡೆ ತೆಂಗಿನ ತೋಟಗಳಲ್ಲಿ ಕಾಯಿ ಕೀಳುವವನು. ಸುದ್ದಿ ತಿಳಿದು ಮನೆಗೇ ಬಂದ. "ಸಾ, ನನ್ನೆಸ್ರು ತೆಗ್ಸಿ. ಕುಡೀತಿದ್ದ ಅಂತ ಗೊತ್ತಾದ್ರೆ ಯಾವ ತೋಟದೋರು ಮರ ಹತ್ತುಸ್ತಾರೆ? ಈಗೀಗ ಕೆಲ್ಸಕ್ಕೆ ಕರೀತಾವ್ರೆ."

ನಾನು ಕೊಟ್ಟ ಉತ್ತರವನ್ನು ಬರೆಯಲೂ ನಾಚಿಕೆ: "ನಿನ್ನ ಇನಿಷಿಯಲ್ ತಪ್ಪಿತ್ತು ಕಣಪ್ಪ, ಸರಿ ಮಾಡಿಸಿದ್ದೀನಿ."

೩

ಅಚ್ಚಾಗಿಬಿಟ್ಟಿದೆ, ಅತಿಥಿಗಳಿಗೂ ತಿಳಿಸಿಯಾಗಿದೆ, ಇನ್ನೇನು ಮಾಡುವುದು? ಹೀಗೆಂದುಕೊಂಡು ಮರುದಿನ ಬೆಳಿಗ್ಗೆ ಕಾರ್ಯದರ್ಶಿಯ ಜೊತೆ ಕಾರ್ಡು ಹಂಚಲು ಹೊರಟೆ. ಕಟ್ಟುಗಳಿದ್ದದ್ದು ಕೇಂದ್ರದ ಆಯಾ ಬಳಿ. ಆಕೆ ಹಿತ್ತಲಲ್ಲಿ ನೀರೊಲೆ ಮುಂದೆ ಕೂತಿದ್ದಳು. ಪಕ್ಕದಲ್ಲಿ ತೆಂಗಿನ ಮಟ್ಟೆಯ ರಾಶಿ, ಒಂದನ್ನೂ ಮುಟ್ಟಿರಲಿಲ್ಲ. ಒಲೆಯಲ್ಲಿ ಉರಿಯುತ್ತಿದ್ದದ್ದು ನಮ್ಮ ಕಾರ್ಡು.

"ಏನಮ್ಮಾ ಇದು! ಉಳಿದಿರೋ ಕಟ್ಟಾದ್ರೂ ಕೊಡು," ಎಂದರು ಕಾರ್ಯದರ್ಶಿ.

"ಕೊಡಾಕಿಲ್ಲ ಸಾ. ಆವಯ್ಯ ಮರ ಹತ್ತಿ ಉಣ್ಬೇಕು."

"ನಾಳೆಯಿಂದ ಕೆಲಸಕ್ಕೆ ಬರಬೇಡ!"

"ಆಗ್ಲಿ. ಇವತ್ತಿಂದು ಮುಗ್ಸಿ ಹೋಯ್ತೀನಿ."

ಕೊನೆಯ ಕಟ್ಟಿನ ದಾರ ಬಿಚ್ಚಿ, ಕಾರ್ಡುಗಳನ್ನೆಲ್ಲ ಒಲೆಗೆ ತಳ್ಳಿದಳು. "ನೀರು ಕಾದೈತೆ, ಇಬ್ರೂ ಸ್ನಾನ ಮಾಡ್ಕಂಡು ಹೋಗಿ," ಎಂದವಳೇ ಊದುಗೊಳವೆ ಎತ್ತಿ ಉರಿ ಊದತೊಡಗಿದಳು.